ಐದು ಬಂದರು, ಒಂದು ಸುಳ್ಳು

"ನಲವತ್ತೊಂದು!"

ಮೂರನೇ ಸಲ ಎಣಿಸಿದಾಗಲೂ ಅಷ್ಟೇ ಬಂತು. ಇರಬೇಕಾದದ್ದು ನಲವತ್ತೆರಡು.

ಹಡಗು ಹೊರಡಲು ಇನ್ನು ಹನ್ನೆರಡೇ ನಿಮಿಷ. ಬಂದರಿನ ಕಟ್ಟೆಯ ಮೇಲೆ ಹಳದಿ ಕೊಡೆ ಎತ್ತಿ ಹಿಡಿದು ನಿಂತಿದ್ದ ಅವಳು ಮತ್ತೆ ಮತ್ತೆ ಕೈಗಡಿಯಾರ ನೋಡಿಕೊಳ್ಳುತ್ತಿದ್ದಳು. ಆ ಹಡಗಿನ ಗೈಡ್ ಅವಳು. ಒಂಬತ್ತು ದಿನ, ಐದು ಹಳೆಯ ಬಂದರು ಪಟ್ಟಣ. ಪ್ರತಿ ಪಟ್ಟಣದಲ್ಲೂ ಪ್ರಯಾಣಿಕರನ್ನು ಇಳಿಸಿಕೊಂಡು ಹೋಗಿ, ಕೋಟೆ ತೋರಿಸಿ, ಕಥೆ ಹೇಳಿ, ಸಂಜೆಯೊಳಗೆ ವಾಪಸ್ ಹತ್ತಿಸಬೇಕು. ಕರೆದುಕೊಂಡು ಹೋಗುವುದು ಸುಲಭ. ಕರೆತರುವುದೇ ಕಷ್ಟ!

"ಯಾಕಮ್ಮ ಹಾಗೆ ಒದ್ದಾಡ್ತೀಯ? ಬರ್ತಾನೆ ಬಿಡು."

ಹಗ್ಗ ಕಟ್ಟುವ ಕಬ್ಬಿಣದ ಗೂಟದ ಮೇಲೆ ಕರ್ಚೀಫ್ ಹಾಸಿಕೊಂಡು ಕೂತಿದ್ದ ಅಜ್ಜಿ ಹೇಳಿದಳು. ಹಡಗು ಹತ್ತಿದ ಮೊದಲ ಗಂಟೆಯಲ್ಲೇ ಎಲ್ಲರ ಊಟ, ನಿದ್ದೆ, ಮಂಡಿನೋವುಗಳನ್ನು ವಿಚಾರಿಸಿಕೊಂಡು ಬಂದಿದ್ದ ಆಕೆಗೆ ಪ್ರಯಾಣಿಕರು ಆಗಲೇ 'ರೇಡಿಯೋ ಅಜ್ಜಿ' ಎಂದು ಹೆಸರಿಟ್ಟಾಗಿತ್ತು. ಕಾಣೆಯಾಗಿದ್ದವನು ಆಕೆಯ ಮೊಮ್ಮಗ.

"ಅವನು ಹುಟ್ಟಿದ್ದೇ ಡಾಕ್ಟರ್ ಹೇಳಿದ ತಾರೀಖಿಗಿಂತ ಹತ್ತು ದಿನ ಲೇಟಾಗಿ."

"ಅಜ್ಜಿ, ಡಾಕ್ಟರ್ ಕಾಯ್ತಾರೆ. ಹಡಗು ಕಾಯಲ್ಲ!"

ಅಷ್ಟರಲ್ಲಿ ಗೋದಾಮಿನ ಮೂಲೆಯಿಂದ ಒಬ್ಬ ಓಡಿಬಂದ. ಮೂವತ್ತಮೂರು, ಮೂವತ್ತನಾಲ್ಕು ಇರಬಹುದು. ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿತ್ತು.

"ಏನ್ರೀ ನೀವು!" ಅವಳ ಸಹನೆಯ ಕಟ್ಟೆ ಒಡೆಯಿತು. "ನಾಲ್ಕೂವರೆಗೆ ಬನ್ನಿ ಅಂತ ಎಷ್ಟು ಸಲ ಹೇಳಿದ್ದೆ? ನಿಮ್ಮೊಬ್ಬರಿಗೋಸ್ಕರ ಇಷ್ಟು ಜನ ಬಿಸಿಲಲ್ಲಿ ನಿಂತಿದ್ದಾರೆ. ಆ ವಯಸ್ಸಾದವರನ್ನ ಒಬ್ಬರನ್ನೇ ಬಿಟ್ಟು ಹೋಗೋಕೆ ಮನಸ್ಸಾದ್ರೂ ಹೇಗೆ ಬಂತು?"

"ಕ್ಷಮಿಸಿ..." ಅವನು ಏದುಸಿರು ಬಿಡುತ್ತಾ ಅವಳ ಮುಖವನ್ನೇ ನೋಡಿದ. "ನಿಮ್ಮ ಕನ್ನಡಕ..."

"ನನ್ನ ಕನ್ನಡಕಕ್ಕೇನಾಗಿದೆ?"

"ಎಡಗಡೆ ಸ್ಕ್ರೂ ಬಿದ್ದುಹೋಗಿದೆ. ನೀವು ದಾರ ಕಟ್ಟಿದ್ದೀರ. ಅದು ವಾಲಿಕೊಂಡಿದ್ರೆ ತಲೆನೋವು ಬರುತ್ತೆ."

ಮೂರು ದಿನದಿಂದ ಅವಳಿಗೆ ತಲೆನೋವಿತ್ತು. ಅದನ್ನು ಇವನೆದುರು ಒಪ್ಪಿಕೊಳ್ಳುವುದೇ?

"ಸದ್ಯಕ್ಕೆ ನನ್ನ ತಲೆನೋವು ನೀವು! ನಡೀರಿ ಮೇಲೆ!"

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಅಜ್ಜಿಯಂತೂ ಎಲ್ಲರಿಗಿಂತ ಜೋರಾಗಿ.

ಅವನು ನಗಲಿಲ್ಲ. ಸಿಟ್ಟೂ ಮಾಡಿಕೊಳ್ಳಲಿಲ್ಲ. ತಲೆ ತಗ್ಗಿಸಿ ಮೆಟ್ಟಿಲು ಹತ್ತಿಹೋದ. ಏನನ್ನೋ ದಿನವಿಡೀ ಹುಡುಕಿ, ಸಿಗದೆ ಬಂದವನ ದಣಿವು ಆ ಮುಖದಲ್ಲಿತ್ತು.

'ಹೆಚ್ಚು ಬೈದುಬಿಟ್ಟೆನಾ?' ಹಡಗು ಕಟ್ಟೆ ಬಿಟ್ಟು ದೂರ ಸರಿದಮೇಲೂ ಅವಳಿಗೆ ಅದೇ ಯೋಚನೆ. 'ಅಲ್ಲ, ತಪ್ಪು ಅವನದು. ನನಗ್ಯಾಕೆ ಸಂಕಟ?'

* * *

ಮರುದಿನ ಬೆಳಿಗ್ಗೆ ಮೇಲಿನ ಡೆಕ್‌ನಲ್ಲಿ ಒಂದು ಸಣ್ಣ ಗುಂಪು. ನಡುವೆ ಅವನು, ತೊಡೆಯ ಮೇಲೆ ಬಿಳಿ ಬಟ್ಟೆ, ಕೈಯಲ್ಲಿ ಬೆಂಕಿಕಡ್ಡಿಯಷ್ಟು ತೆಳ್ಳನೆಯ ಸ್ಕ್ರೂಡ್ರೈವರ್. ಯಾರದೋ ಕನ್ನಡಕ ನೆಟ್ಟಗೆ ಮಾಡುತ್ತಿದ್ದ.

"ನನ್ನ ಮೊಮ್ಮಗನಿಗೆ ಕನ್ನಡಕದ ಅಂಗಡಿ," ಅಜ್ಜಿ ಪಕ್ಕದವಳಿಗೆ ಹೇಳುತ್ತಿದ್ದಳು. "ಊರಿನವರ ಕಣ್ಣೆಲ್ಲ ಪರೀಕ್ಷೆ ಮಾಡ್ತಾನೆ. ತನ್ನ ಕಣ್ಣೆದುರು ಇರೋದು ಮಾತ್ರ ಕಾಣಲ್ಲ. ಬಾ ಗೈಡಮ್ಮ, ನಿಂದೂ ಕೊಡು!"

ಬೇಡವೆನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅಜ್ಜಿಯೇ ಎದ್ದು ಅವಳ ಕನ್ನಡಕ ಕಿತ್ತು ಅವನ ಕೈಗಿಟ್ಟಾಗಿತ್ತು. ಸಮುದ್ರ, ಜನ, ಆಕಾಶ ಎಲ್ಲ ಮಸುಕಾಯಿತು.

"ನಿನ್ನೆ ನಾನು ಅಷ್ಟು ಜೋರಾಗಿ ಮಾತಾಡಬಾರದಿತ್ತು," ಎಂದಳು, ಮಸುಕು ಮಸುಕಾಗಿ ಕಾಣುತ್ತಿದ್ದ ಅವನಿಗೆ.

"ನೀವು ಹೇಳಿದ್ದರಲ್ಲಿ ತಪ್ಪಿರಲಿಲ್ಲ." ಅವನು ದಾರ ಕತ್ತರಿಸಿ ಎಸೆದು, ಸ್ಕ್ರೂ ತಿರುಗಿಸಿ, ಕನ್ನಡಕವನ್ನು ಒರೆಸಿ ಅವಳ ಅಂಗೈಗೆ ಕೊಟ್ಟ. "ಈಗ ಹಾಕ್ಕೊಂಡು ನೋಡಿ."

ಹಾಕಿಕೊಂಡಳು. ಎಲ್ಲಕ್ಕಿಂತ ಮೊದಲು ಸ್ಪಷ್ಟವಾಗಿ ಕಂಡದ್ದು ಅವನ ಮುಖ... ಅವಳು ಥಟ್ಟನೆ ಬೇರೆ ಕಡೆ ತಿರುಗಿದಳು.

ನಾಲ್ಕು ವರ್ಷ ಈ ಹಡಗಿನಲ್ಲಿ ಕಳೆದವಳಿಗೆ ಒಂದು ಪಾಠ ಚೆನ್ನಾಗಿ ಗೊತ್ತಿತ್ತು. ಪ್ರಯಾಣಿಕರದ್ದು ಒಂಬತ್ತು ದಿನದ ನಂಟು. ಇಳಿಯುವಾಗ ತಬ್ಬಿಕೊಳ್ಳುತ್ತಾರೆ, ಫೋನ್ ಮಾಡುತ್ತೇವೆ ಎನ್ನುತ್ತಾರೆ. ಯಾರೂ ಮಾಡುವುದಿಲ್ಲ. ವಾರಕ್ಕೊಮ್ಮೆ ಫೋನ್ ಮಾಡುವವಳು ಅಮ್ಮ ಒಬ್ಬಳೇ. "ನಿಮ್ಮ ಹಡಗಿಗಾದ್ರೂ ಲಂಗರು ಅಂತ ಇದೆಯಲ್ಲೇ, ನಿನಗೇನಿದೆ? ಮೂವತ್ತೊಂದಾಯ್ತು!" ಎಂದು ಬೈಯಲು.

ಎರಡನೇ ಬಂದರಿನಲ್ಲಿ ಅವನು ಮತ್ತೆ ಕಾಣೆಯಾದ!

ಇನ್ನೊಂದು ಸಲ ತಡವಾದರೆ ಸುಮ್ಮನಿರುವುದಿಲ್ಲ ಎಂದು ಟೂರ್ ಮ್ಯಾನೇಜರ್ ಬೆಳಿಗ್ಗೆಯೇ ಅವಳಿಗೆ ಎಚ್ಚರಿಸಿದ್ದ. ಉಳಿದವರನ್ನು ಮ್ಯೂಸಿಯಂ ಒಳಗೆ ಬಿಟ್ಟು, ಅವನನ್ನು ಹುಡುಕುತ್ತಾ ಹಿಂದಿನ ಓಣಿಗೆ ನುಗ್ಗಿದಳು. ಕುಂಬಾರಿಕೆಯವರ, ಟೈಲ್ಸ್ ಮಾಡುವವರ ಓಣಿ ಅದು. ಪ್ರತಿ ಬಾಗಿಲಿಗೂ ಹೋಗಿ ಅವನು ಒಂದು ಫೋಟೋ ತೋರಿಸುತ್ತಿದ್ದ. ಎಲ್ಲರೂ ತಲೆಯಾಡಿಸುತ್ತಿದ್ದರು. ಇಲ್ಲ... ಇಲ್ಲ...

ಅವಳು ಹಿಂದಿನಿಂದ ಬಂದು ನಿಂತದ್ದು ಅವನಿಗೆ ತಿಳಿಯಲಿಲ್ಲ. ಫೋಟೋದಲ್ಲಿ ಒಬ್ಬ ಹೆಣ್ಣು. ದಪ್ಪ ಜಡೆ, ಗಲ್ಲದ ಮೇಲೆ ನೀಲಿ ಬಣ್ಣದ ಮಚ್ಚೆಯಂಥ ಕಲೆ, ಕಣ್ಣಲ್ಲಿ ತುಂಬು ನಗು.

"ಯಾರಿವರು?"

ಅವನು ಬೆಚ್ಚಿ ತಿರುಗಿದ. ಮುಚ್ಚಿಡಲು ಹೋಗಿ, ಕೈಬಿಟ್ಟ.

"ನನ್ನ ಹೆಂಡತಿ ಆಗಬೇಕಾಗಿದ್ದವಳು."

ಅವಳ ಎದೆಯೊಳಗೆ ಏನೋ ಚುಳ್ ಎಂದಿತು. ಯಾಕೆಂದು ಅವಳಿಗೇ ಅರ್ಥವಾಗಲಿಲ್ಲ. ಎರಡು ದಿನದ ಪರಿಚಯ, ಒಂದು ಸ್ಕ್ರೂ ಹಾಕಿಕೊಟ್ಟಿದ್ದಾನೆ, ಅಷ್ಟೇ!

ಗೋಡೆಗೆ ಒರಗಿ ಅವನು ಹೇಳಿದ. ಏಳು ವರ್ಷದ ಹಿಂದಿನ ಮಾತು. ಮದುವೆ ನಿಶ್ಚಯವಾಗಿ, ಕಾರ್ಡು ಹಂಚಿ ಆಗಿತ್ತು. ಹುಡುಗಿ ಹಳೆಯ ಕಟ್ಟಡಗಳ ಬಣ್ಣದ ಟೈಲ್ಸ್ ಸರಿಪಡಿಸುವ ಕೆಲಸ ಕಲಿಯುತ್ತಿದ್ದಳು. ಹತ್ತು ದಿನ ಇರುವಾಗ ಯಾರೋ ಬಂದು ಅವನ ದೊಡ್ಡಪ್ಪನ ಕಿವಿಯೂದಿದರು. ಆ ಹುಡುಗಿ ಇನ್ನೊಬ್ಬನ ಜೊತೆ ಓಡಾಡುತ್ತಾಳಂತೆ...

"ನಾನು ಅವಳನ್ನ ಒಂದು ಮಾತು ಕೇಳಲಿಲ್ಲ, ಮೇಡಂ. ಮದುವೆ ಬೇಡ ಅಂತ ದೊಡ್ಡಪ್ಪನ ಕೈಲಿ ಹೇಳಿ ಕಳಿಸಿದೆ. ಎದುರಿಗೆ ಹೋಗಿ ಹೇಳೋ ಧೈರ್ಯ ಕೂಡ ಇರಲಿಲ್ಲ. ಊರವರ ಬಾಯಿಗೆ ಬಿದ್ದು ಅವಳು ಮನೆ ಬಿಟ್ಟು ಹೋದಳು."

"ಆ ಇನ್ನೊಬ್ಬ ಯಾರು?"

"ಕೆಲಸ ಕಲಿಸ್ತಿದ್ದ ಮೇಷ್ಟ್ರು. ಅರವತ್ತೆಂಟು ವರ್ಷ. ಪಾಪ, ಹೋದ ವರ್ಷ ಕನ್ನಡಕ ಮಾಡಿಸೋಕೆ ನನ್ನ ಅಂಗಡಿಗೇ ಬಂದಿದ್ರು. ನಾನ್ಯಾರು ಅಂತ ಗೊತ್ತಿಲ್ಲದೆ ಎಲ್ಲ ಹೇಳಿದ್ರು. 'ನನ್ನ ಶಿಷ್ಯೆಯಂಥ ಕೈ ಇನ್ನೊಂದಿಲ್ಲ. ಯಾವನೋ ಹೇಡಿಯಿಂದ ಊರು ಬಿಟ್ಟಳು, ಈಗ ಯಾವುದೋ ಬಂದರಿನಲ್ಲಿ ಕೆಲಸ ಮಾಡ್ತಾಳಂತೆ' ಅಂದ್ರು."

ಅವನು ಫೋಟೋವನ್ನು ಜೇಬಿಗೆ ಹಾಕಿಕೊಂಡ.

"ಅವಳಿಗೆ ಒಂದು ಮಾತು ಹೇಳಬೇಕು. ಅಷ್ಟೇ."

ಯಾವ ಮಾತು? ಕೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಕೇಳಲಿಲ್ಲ. ಏಳು ವರ್ಷವಾದರೂ ಫೋಟೋ ಹಿಡಿದು ಬಂದರಿನಿಂದ ಬಂದರಿಗೆ ಅಲೆಯುವವನು ಇನ್ಯಾವ ಮಾತು ಹೇಳುತ್ತಾನೆ?

"ಈ ಊರುಗಳಲ್ಲಿ ಹಳೇ ಕಟ್ಟಡದ ಕೆಲಸ ಮಾಡೋರೆಲ್ಲ ನನಗೆ ಗೊತ್ತು," ಎಂದಳು. "ನಾನೂ ಹುಡುಕ್ತೀನಿ."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯ. ಅವನಿಗೆ ಸಹಾಯ ಮಾಡುವುದಕ್ಕೋ, ಅವನ ಜೊತೆ ಇನ್ನಷ್ಟು ಹೊತ್ತು ನಡೆಯುವುದಕ್ಕೋ? ತಲೆಯೊಳಗೆಲ್ಲ ಕಲಸುಮೇಲೋಗರ!

* * *

ಮೂರನೇ ಬಂದರಿನಲ್ಲಿ ಪ್ರಯಾಣಿಕರಿಗೆ ಮಧ್ಯಾಹ್ನ ಬಿಡುವಿತ್ತು. ಇಬ್ಬರೂ ದೀಪಸ್ತಂಭದ ಬೀದಿಯನ್ನೆಲ್ಲ ಜಾಲಾಡಿದರು. ಕೊನೆಗೆ ಒಬ್ಬ ಟೈಲ್ಸ್ ಅಂಗಡಿಯವನು ಫೋಟೋವನ್ನು ಬೆಳಕಿಗೆ ಹಿಡಿದು, "ಹೂಂ, ಇದ್ಲು. ಐದು ವರ್ಷ ಆಯ್ತು ಹೋಗಿ. ಎಲ್ಲಿಗೋ ಗೊತ್ತಿಲ್ಲ," ಎಂದ.

"ಇದ್ದಳು!" ಅವನ ಮುಖ ಅರಳಿತು. "ಮೇಷ್ಟ್ರು ಹೇಳಿದ್ದು ನಿಜ, ಬಂದರಿನಲ್ಲೇ ಕೆಲಸ ಮಾಡ್ತಿದ್ದಾಳೆ!"

ಅವಳೂ ನಕ್ಕಳು. ಒಳಗೊಳಗೇ ಕುಗ್ಗಿದಳು.

ವಾಪಸ್ ಬರುವಾಗ ಸಮುದ್ರದ ಗೋಡೆಯ ಮೇಲೆ ನಡೆಯುತ್ತಿದ್ದರು. ದೊಡ್ಡ ಅಲೆಯೊಂದು ಗೋಡೆಗೆ ಬಡಿದು ಇಬ್ಬರನ್ನೂ ತಲೆಯಿಂದ ಕಾಲಿನವರೆಗೆ ತೋಯಿಸಿಬಿಟ್ಟಿತು. ಒಂದು ಕ್ಷಣ ಇಬ್ಬರೂ ಬಾಯಿ ಬಿಟ್ಟು ನಿಂತರು. ಆಮೇಲೆ ನಗು... ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಆತುಕೊಂಡು ನಕ್ಕರು.

ನಕ್ಕು ನಕ್ಕು ಅವನು ಥಟ್ಟನೆ ನಿಂತ. ಅವಳನ್ನು ನೋಡಿದ. ಏನೋ ಹೇಳಲು ತುಟಿ ತೆರೆದ.

"ಏನು?"

"ಏನಿಲ್ಲ... ಹೊತ್ತಾಯ್ತು. ಇವತ್ತಾದರೂ ನಾನು ಲೇಟಾಗಬಾರದು."

ಅವನ ಮನಸ್ಸಿನಲ್ಲಿ ಏನಿತ್ತೆಂದು ಅವಳಿಗೆ ಗೊತ್ತಾಗುವ ಹಾಗಿರಲಿಲ್ಲ. ನಿಜಕ್ಕೂ ಅವನು ಹೆದರಿದ್ದ. ಮೇಷ್ಟ್ರಿಂದ ಸತ್ಯ ತಿಳಿದ ಮೇಲೆ ಮೊದಲ ಸಲ ಜೇಬಿನಲ್ಲಿದ್ದ ಫೋಟೋ ಮರೆತುಹೋಗಿತ್ತು. ಒಬ್ಬಳ ಬಾಳು ಕೆಡಿಸಿದವನು ಇಷ್ಟು ಸುಲಭವಾಗಿ ಇನ್ನೊಬ್ಬಳ ಮುಖ ನೋಡಿ ಸಂತೋಷಪಡಬಹುದೇ?

ಹಡಗಿನಲ್ಲಿ ಅಜ್ಜಿ ಟವೆಲ್ ಹಿಡಿದು ಕಾದಿದ್ದಳು. ಗೈಡಮ್ಮನ ತಲೆ ಒರೆಸುತ್ತಾ ಪಿಸುಗುಟ್ಟಿದಳು, "ಆ ಹುಡುಗಿ ಒಂದ್ಸಲ ಸಿಕ್ಕಿಬಿಟ್ರೆ ಸಾಕು ಕಣೆ. ನನ್ನ ಮೊಮ್ಮಗನ ಬಾಳು ನೆಟ್ಟಗಾಗುತ್ತೆ."

'ಅಜ್ಜಿಗೂ ಅವಳೇ ಬೇಕು,' ಎಂದುಕೊಂಡಳು. ತಲೆ ಒರೆಸುವ ಕೈ ಎಷ್ಟು ಮೆತ್ತಗಿತ್ತೆಂದರೆ, ಅಳು ಬಂದುಬಿಟ್ಟಿತು.

"ಕಣ್ಣಿಗೆ ಉಪ್ಪುನೀರು ಹೋಯ್ತು ಅಜ್ಜಿ," ಎಂದಳು.

* * *

ನಾಲ್ಕನೇ ಬಂದರಿನ ದಿನ ಅಜ್ಜಿ ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ಹಡಗಿನ ಡಾಕ್ಟರ್ ಬ್ಯಾಂಡೇಜ್ ಸುತ್ತಿ, ಹಾಸಿಗೆ ಬಿಟ್ಟು ಏಳಬಾರದೆಂದ. ಮೊಮ್ಮಗ ಜೊತೆಗೇ ಉಳಿದ. ಫೋಟೋವನ್ನು ಗೈಡಮ್ಮನ ಕೈಗೆ ಕೊಟ್ಟ.

"ನಿಮಗೆ ತೊಂದರೆ ಕೊಡ್ತಿದ್ದೀನಿ."

"ತೊಂದರೆ ಏನಿಲ್ಲ."

ಆ ಪಟ್ಟಣದಲ್ಲಿ ನೋಡುವಂಥದ್ದು ಹಳೆಯ ಸುಂಕದ ಕಟ್ಟಡ. ಇನ್ನೂರು ವರ್ಷದ ಹಿಂದೆ ಹಡಗಿನ ಸರಕೆಲ್ಲ ತೂಗುತ್ತಿದ್ದ ದೊಡ್ಡ ಹಜಾರ. ಗೋಡೆ ತುಂಬ ನೀಲಿ ಟೈಲ್ಸ್, ಅದರ ಮೇಲೆ ಹಾಯಿ ಹಡಗುಗಳ ಚಿತ್ರ. ರಿಪೇರಿ ನಡೆಯುತ್ತಿತ್ತು. ಗುಂಪಿಗೆ ಕಥೆ ಹೇಳುತ್ತಾ ತಲೆ ಎತ್ತಿದವಳ ಮಾತು ಅರ್ಧಕ್ಕೇ ನಿಂತಿತು.

ಕೆಲಸಕ್ಕೆ ಕಟ್ಟಿದ ಅಟ್ಟಣಿಗೆಯ ಮೇಲೆ ಒಬ್ಬಳು ಕಾಲು ಮಡಿಸಿ ಕೂತು, ಒಡೆದ ಟೈಲ್ಸ್‌ನ ಅಂಚಿಗೆ ಕೂದಲೆಳೆಯಷ್ಟು ಸಣ್ಣ ಕುಂಚದಿಂದ ಬಣ್ಣ ತುಂಬುತ್ತಿದ್ದಳು. ಜಡೆಯಲ್ಲಿ ಎರಡೆಳೆ ನರೆ. ಮುಖ ಮಾತ್ರ ಅದೇ.

ಪ್ರಯಾಣಿಕರನ್ನು ಫೋಟೋ ತೆಗೆದುಕೊಳ್ಳಲು ಬಿಟ್ಟು ಅವಳು ಏಣಿ ಹತ್ತಿದಳು. ಅವನ ವಿಷಯ ಹೇಳಿದಳು.

ಆ ಹೆಂಗಸು ಕುಂಚ ಕೆಳಗಿಟ್ಟಳು.

"ಅವನಾ? ಈಗಾ?" ಅವಳು ನಕ್ಕಳು, ನಗುವಿನಲ್ಲಿ ಒಗರು. "ನೋಡಿ, ನಾನು ಚೆನ್ನಾಗಿದ್ದೀನಿ. ಮೊದಲ ಎರಡು ವರ್ಷ ಇರಲಿಲ್ಲ. ಈಗಿದ್ದೀನಿ. ಅವನು ಬಂದು ಎದುರಿಗೆ ನಿಂತ್ರೆ ನಾನು ಮತ್ತೆ ಆ ಅಳುಬುರುಕ ಹುಡುಗಿ ಆಗ್ತೀನಿ. ನನಗೆ ಬೇಡ. ಇಲ್ಲಿದ್ದೀನಿ ಅಂತ ಹೇಳಬೇಡಿ."

"ಆಯ್ತು."

ಎಷ್ಟು ಬೇಗ ಬಂತು ಆ 'ಆಯ್ತು'! ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಯಿತು. ಮರುಕ್ಷಣವೇ ನಾಚಿಕೆ. ಛೀ! ಇನ್ನೊಬ್ಬಳ ನೋವಿನಲ್ಲಿ ನನಗೆ ಹಗುರವೇ?

ಆ ಹೆಂಗಸು ಅವಳನ್ನೇ ನೋಡುತ್ತಿದ್ದಳು. "ನೀವು ಅವನಿಗೆ ಏನಾಗಬೇಕು?"

"ನಾನು... ಹಡಗಿನ ಗೈಡ್."

"ಗೈಡ್ ಆದವರು ಕಣ್ಣು ತುಂಬಿಕೊಳ್ಳೋದು ಯಾಕೆ?"

ಅವಳು ದಡಬಡನೆ ಏಣಿ ಇಳಿದಳು.

ಸಂಜೆ ಅಜ್ಜಿಯ ಕ್ಯಾಬಿನ್‌ಗೆ ಹೋದಾಗ ಅವನು ಎದ್ದು ನಿಂತ. "ಏನಾದ್ರೂ ಗೊತ್ತಾಯ್ತಾ?"

"ಇಲ್ಲ."

ಎರಡೇ ಅಕ್ಷರ. ಫೋಟೋವನ್ನು ಅವನ ಕೈಗಿಟ್ಟಳು. ಬೆರಳಿಗೆ ಬೆರಳು ತಾಗಿತು. ಸುಟ್ಟಂತೆ ಕೈ ಹಿಂದೆಗೆದುಕೊಂಡಳು.

* * *

ಮರುದಿನ ಬಂದರಿಲ್ಲ. ಇಡೀ ದಿನ ನೀರು, ನೀರು.

ಅವಳ ತಲೆಯೊಳಗೂ ಹಾಗೇ, ದಡವೇ ಕಾಣದು.

'ಆ ಹೆಂಗಸಿಗೆ ಮಾತು ಕೊಟ್ಟಿದ್ದೇನೆ. ಅದಕ್ಕೇ ಸುಳ್ಳು ಹೇಳಿದೆ.' ಒಂದು ಮನಸ್ಸು ಹೇಳುತ್ತಿತ್ತು.

'ಸುಳ್ಳಿ! ಅವನು ಅವಳಿಗೆ ಸಿಗದಿರಲಿ ಅಂತ ಹೇಳಿದೆ!' ಇನ್ನೊಂದು ಕೂಗುತ್ತಿತ್ತು.

ಯಾವುದು ನಿಜ? ಎರಡೂ ಹಾಲು ನೀರಿನ ಹಾಗೆ ಬೆರೆತುಹೋಗಿದ್ದವು. ಬೇರ್ಪಡಿಸುವುದು ಅವಳಿಂದ ಆಗಲಿಲ್ಲ. ಬೆಳಗಿನ ತಿಂಡಿ ಸೇರಲಿಲ್ಲ. ಪ್ರಯಾಣಿಕರಿಗೆ ನಾಳಿನ ಪಟ್ಟಣದ ಚರಿತ್ರೆ ಹೇಳಲು ಹೋಗಿ ನಿನ್ನೆಯದನ್ನೇ ಹೇಳಿದಳು. ಯಾರೋ ತಿದ್ದಿದರು. ಕಣ್ಣಲ್ಲಿ ನೀರು ಬಂತು.

ಅಜ್ಜಿಗೆ ಟೀ ಕೊಡಲು ಹೋದಾಗ ಆಕೆ ಕಪ್ಪನ್ನು ಪಕ್ಕಕ್ಕಿಟ್ಟು ಅವಳ ಕೈ ಹಿಡಿದಳು.

"ಹೊಟ್ಟೇಲಿ ಏನೋ ಇಟ್ಟುಕೊಂಡಿದ್ದೀಯ. ಇಟ್ಟುಕೊಂಡಷ್ಟೂ ಹಳಸುತ್ತೆ ಮಗಳೇ."

"ಹೇಳಿದ್ರೆ ಅವರು ನನ್ನ ಮುಖ ನೋಡಲ್ಲ ಅಜ್ಜಿ."

"ಹೇಳದೇ ಇದ್ರೆ ನೀನೇ ನಿನ್ನ ಮುಖ ನೋಡಿಕೊಳ್ಳಲ್ಲ."

ಅವಳು ಎದ್ದು ಸೀದಾ ಡೆಕ್‌ಗೆ ಹೋದಳು. ಮಟಮಟ ಮಧ್ಯಾಹ್ನ. ಅವನೊಬ್ಬನೇ ಕಂಬಿ ಹಿಡಿದು ನಿಂತಿದ್ದ.

"ನಾನು ಸುಳ್ಳು ಹೇಳಿದೆ."

ಅವನು ತಿರುಗಿದ.

"ನಿನ್ನೆ ಅವರನ್ನ ನೋಡಿದೆ. ಮಾತಾಡಿದೆ. ಚೆನ್ನಾಗಿದ್ದಾರೆ. ನೀವು ಬರೋದು ಅವರಿಗೆ ಬೇಡ. ಆ ಊರಲ್ಲಿ ಯಾವ ಜಾಗ ಅಂತ ಕೇಳಬೇಡಿ, ನಾನು ಹೇಳಲ್ಲ." ಅವಳು ಉಸಿರು ತೆಗೆದುಕೊಂಡಳು. "ಇನ್ನೂ ಒಂದಿದೆ. ಅವರು ಬೇಡ ಅಂದಾಗ... ನನಗೆ ಸಂತೋಷ ಆಯ್ತು. ಅವರ ಮಾತು ಉಳಿಸೋಕೆ ಸುಳ್ಳು ಹೇಳಿದ್ನೋ, ನನಗೋಸ್ಕರ ಹೇಳಿದ್ನೋ ನನಗೇ ಗೊತ್ತಿಲ್ಲ. ಯಾಕೆ ಸಂತೋಷ ಆಯ್ತು ಅಂತ ನಿಮಗೆ ಅರ್ಥ ಆಗಿರಬೇಕು."

ಗಾಳಿ ಬೀಸುತ್ತಿತ್ತು. ಅವನ ಮುಖ ಬಿಳಿಚಿಕೊಂಡಿತ್ತು. ಕಂಬಿಯ ಮೇಲಿದ್ದ ಬೆರಳುಗಳು ಬಿಗಿಯಾದವು.

ಬೈಯುತ್ತಾನೆ ಎಂದುಕೊಂಡಳು. ಬೈದಿದ್ದರೂ ಚೆನ್ನಾಗಿರುತ್ತಿತ್ತು!

"ಚೆನ್ನಾಗಿದ್ದಾಳಾ? ನಿಜವಾಗ್ಲೂ?" ಅಷ್ಟೇ ಕೇಳಿದ.

"ನಿಜವಾಗ್ಲೂ."

ಅವನು ತಲೆಯಾಡಿಸಿದ. ಅವಳನ್ನು ದಾಟಿಕೊಂಡು ಹೊರಟುಹೋದ. ಒಂದು ಮಾತಿಲ್ಲ, ತಿರುಗಿ ನೋಡಲಿಲ್ಲ...

ಐದನೇ ಬಂದರಿನಲ್ಲಿ ಎಲ್ಲರೂ ಇಳಿಯುವ ದಿನ. ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಅವನು ಬಂದ. ಕಣ್ಣು ಕೆಂಪಾಗಿದ್ದವು. ಅಂಟಿಸದ ಲಕೋಟೆಯೊಂದನ್ನು ಅವಳಿಗೆ ಕೊಟ್ಟ.

"ಇದು ಅವಳಿಗೆ. ನೀವು ಮುಂದಿನ ಸಲ ಹೋದಾಗ ಕೊಡಿ. ಅವಳು ಬೇಡ ಅಂದ್ರೆ ಹರಿದು ಹಾಕಿ. ಮೊದಲು ನೀವು ಓದಿ, ನಿಮಗೆ ಗೊತ್ತಿಲ್ಲದ್ದು ಅದರಲ್ಲಿ ಏನೂ ಇರಬಾರದು."

'ಮತ್ತೆ... ನನಗೆ?'

ಕೇಳಬೇಕೆಂದುಕೊಂಡಳು. ಕೇಳದೆ ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡಳು. ಅಜ್ಜಿ ಅವಳ ಕೆನ್ನೆ ತಟ್ಟಿ, ಮೊದಲ ಸಲ ಒಂದು ಮಾತೂ ಆಡದೆ ಇಳಿದುಹೋದಳು.

ಕ್ಯಾಬಿನ್‌ಗೆ ಬಂದು ಓದಿದಳು. ಅಂಗಡಿಯ ವಿಳಾಸವಿದ್ದ ಕಾಗದ, ನಾಲ್ಕೇ ಸಾಲು.

'ತಪ್ಪು ಪೂರ್ತಿ ನನ್ನದು. ಒಂದು ಮಾತು ನಿನ್ನನ್ನು ಕೇಳಬೇಕಿತ್ತು, ಕೇಳಲಿಲ್ಲ. ನಿನ್ನ ಮನೆಯವರೆದುರು, ನನ್ನ ಮನೆಯವರೆದುರು ನಾನೇ ನಿಂತು ಇದನ್ನು ಹೇಳಿದ್ದೇನೆ. ಇನ್ನು ನಿನ್ನನ್ನು ಹುಡುಕುವುದಿಲ್ಲ.'

ಪ್ರೀತಿಯ ಮಾತೇ ಇಲ್ಲ! ಹೇಳಬೇಕೆಂದಿದ್ದ ಆ ಒಂದು ಮಾತು ಇದೇನಾ? ಕ್ಷಮೆ ಮಾತ್ರವೇ?

ಹಾಗಾದರೆ ನನ್ನ ಮಾತಿಗೆ ಯಾಕೆ ಉತ್ತರ ಕೊಡಲಿಲ್ಲ? ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಗೊಂದಲ ಕಳೆಯುವ ಬದಲು ಇಮ್ಮಡಿಯಾಯಿತು.

* * *

ಮೂರು ವಾರದ ನಂತರ ಹಡಗು ಮತ್ತೆ ಆ ಪಟ್ಟಣಕ್ಕೆ ಬಂತು. ಸುಂಕದ ಕಟ್ಟಡದ ಅಟ್ಟಣಿಗೆ ಪಕ್ಕದ ಗೋಡೆಗೆ ಸರಿದಿತ್ತು.

ಆ ಹೆಂಗಸು ಲಕೋಟೆಯನ್ನು ತುಂಬ ಹೊತ್ತು ಮುಟ್ಟಲಿಲ್ಲ. ಆಮೇಲೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಮೂರು ಸಲ ಓದಿದಳು. ಮಡಿಸಿ ಜೇಬಿಗೆ ಹಾಕಿಕೊಂಡಳು. ಗಲ್ಲದ ಮೇಲೆ ಇಳಿದ ಹನಿಯನ್ನು ಬಣ್ಣದ ಕೈಯಿಂದಲೇ ಒರೆಸಿಕೊಂಡಳು.

"ನಮ್ಮಪ್ಪನ ಎದುರು ನಿಂತು ಹೇಳಿದ್ನಾ? ನಮ್ಮಪ್ಪ ನನಗೆ ಹೇಳಲೇ ಇಲ್ಲ... ಹೇಗೆ ಹೇಳ್ತಾರೆ, ಏಳು ವರ್ಷದಿಂದ ನಾನೇ ಫೋನ್ ಮಾಡಿಲ್ಲವಲ್ಲ." ಮೂಗು ಒರೆಸಿಕೊಂಡಳು. "ಓದಿದೆ ಅಂತ ಹೇಳಿ. ಕ್ಷಮಿಸಿದ್ದಾಳಾ ಅಂತ ಕೇಳಿದ್ರೆ, ಇನ್ನೂ ಗೊತ್ತಿಲ್ಲವಂತೆ ಅಂತ ಹೇಳಿ. ಆದ್ರೆ ಇವತ್ತು ಸಂಜೆ ಅಪ್ಪನಿಗೆ ಫೋನ್ ಮಾಡ್ತೀನಿ."

"ಹೇಳ್ತೀನಿ."

"ನಿಮ್ಮ ವಿಷಯ ಏನಾಯ್ತು?"

"ನನ್ನ ಮನಸ್ಸಲ್ಲಿರೋದು ಹೇಳಿದೆ. ಅವರು ಸುಮ್ಮನೆ ಹೊರಟುಹೋದ್ರು. ಬೇಡ ಅಂತ ಇರಬೇಕು."

"ಇರಬೇಕು?" ಆಕೆ ಹುಬ್ಬು ಗಂಟಿಕ್ಕಿದಳು. "ನೀವು ಕೇಳಿದ್ರಾ?"

"ಇಲ್ಲ..."

"ಅವನೂ ನನ್ನನ್ನ ಕೇಳಲಿಲ್ಲ ಕಣ್ರೀ. ತಾನೇ ಏನೋ ಅಂದುಕೊಂಡ. ಹಾಗೆ ಅಂದುಕೊಂಡುಬಿಟ್ರೆ ಏನಾಗುತ್ತೆ ಅಂತ ನನ್ನ ನೋಡಿದ್ರೆ ಗೊತ್ತಾಗಲ್ವಾ? ಹೋಗಿ. ಎದುರಿಗೆ ನಿಂತು ಕೇಳಿ. ಅವನು ಬೇಡ ಅಂದ್ರೆ ಅತ್ತು ಸುಮ್ಮನಾಗಬಹುದು. ಕೇಳದೇ ಇದ್ರೆ ಅಳೋಕೂ ಆಗಲ್ಲ."

* * *

ರಜೆ ಸಿಕ್ಕ ಮೊದಲ ದಿನವೇ ಅವಳು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದಳು. ಅಂಗಡಿಯ ಬಾಗಿಲು ತಳ್ಳಿದಾಗ ಒಂದಕ್ಷರವೂ ನೆನಪಿರಲಿಲ್ಲ.

ಒಳಗೆ ಅವನು ವಯಸ್ಸಾದವರೊಬ್ಬರ ಕಣ್ಣು ಪರೀಕ್ಷೆ ಮಾಡುತ್ತಿದ್ದ. ಗೋಡೆಯ ಮೇಲೆ ದೊಡ್ಡದರಿಂದ ಸಣ್ಣದಕ್ಕಿಳಿಯುವ ಅಕ್ಷರಗಳ ಪಟ್ಟಿ.

"ಈ ಸಾಲು ಓದಿ ನೋಡೋಣ..." ಎನ್ನುತ್ತಾ ತಲೆ ಎತ್ತಿದ. ಕೈಯಲ್ಲಿದ್ದ ಗಾಜು ಮೇಜಿನ ಮೇಲೆ ಠಣ್ಣೆಂದು ಬಿತ್ತು.

"ಅಯ್ಯೋ, ಸಾಲೇ ಕಾಣಿಸ್ತಿಲ್ಲವಲ್ಲಪ್ಪ," ಎಂದರು ಹಿರಿಯರು.

ಮೂಲೆಯ ಕುರ್ಚಿಯಿಂದ ಅಜ್ಜಿ ಎದ್ದಳು. "ಬನ್ನಿ ರಾಯರೇ, ನಾವು ಆಚೆ ಕೂತು ಟೀ ಕುಡಿಯೋಣ. ಇವತ್ತು ಅವನಿಗೇ ಕಣ್ಣು ಕತ್ತಲೆ ಬಂದಿದೆ."

ಬಾಗಿಲು ಮುಚ್ಚಿತು. ಇಬ್ಬರೇ ಉಳಿದರು.

"ಅವರು ಕಾಗದ ಓದಿದ್ರು," ಅವಳು ಒಂದೇ ಉಸಿರಿಗೆ ಹೇಳಿದಳು. "ಕ್ಷಮಿಸಿದ್ದಾರಾ ಅಂತ ಇನ್ನೂ ಗೊತ್ತಿಲ್ಲವಂತೆ. ಆದ್ರೆ ಅವತ್ತು ಸಂಜೆ ಅವರಪ್ಪನಿಗೆ ಫೋನ್ ಮಾಡ್ತೀನಿ ಅಂದ್ರು."

ಅವನು ಮೇಜಿನ ಅಂಚು ಹಿಡಿದು ನಿಧಾನವಾಗಿ ಕೂತ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಹೆಗಲು ಅದುರುತ್ತಿತ್ತು.

"ಥ್ಯಾಂಕ್ಸ್," ಎಂದ ಕೊನೆಗೆ. "ಅದು ಸಾಕು ನನಗೆ. ಅದಕ್ಕಿಂತ ಹೆಚ್ಚು ಕೇಳೋ ಯೋಗ್ಯತೆ ನನಗಿಲ್ಲ."

"ನಾನು ಅದನ್ನ ಹೇಳೋಕೆ ಮಾತ್ರ ಬಂದಿಲ್ಲ." ಅವಳು ಮೇಜಿನ ಹತ್ತಿರ ಬಂದಳು. "ಒಂದು ಪ್ರಶ್ನೆ ಇದೆ. ಡೆಕ್ ಮೇಲೆ ನಾನು ಹೇಳಿದೆ. ನೀವು ಹೊರಟುಹೋದ್ರಿ. ನನ್ನ ಮೇಲೆ ಸಿಟ್ಟಾ? ಅಸಹ್ಯ ಆಯ್ತಾ? ಇಲ್ಲ, ನಿಮಗೆ ಹಾಗೇನೂ ಇಲ್ವಾ? ಏನಿದ್ರೂ ಹೇಳಿಬಿಡಿ. ಅವತ್ತಿನಿಂದ ನನಗೆ ಹುಚ್ಚು ಹಿಡಿದ ಹಾಗಾಗಿದೆ!"

ಅವನು ಎದ್ದು ನಿಂತ.

"ಸಿಟ್ಟಾ? ಸುಳ್ಳು ಹೇಳಿ, ಒಂದೇ ದಿನದಲ್ಲಿ ಬಂದು ಎದುರಿಗೆ ನಿಂತು ಒಪ್ಪಿಕೊಂಡ್ರಿ. ನನಗೆ ಅದಕ್ಕೆ ಏಳು ವರ್ಷ ಬೇಕಾಯ್ತು. ಅವತ್ತು ನಾಚಿಕೆ ಆಗಿದ್ದು ನನಗೆ." ಅವನು ತಡವರಿಸಿದ. "ಅಲ್ಲೇ ಹೇಳಬೇಕು ಅನ್ನಿಸಿತ್ತು. ಆದ್ರೆ ಒಬ್ಬಳಿಗೆ ಅನ್ಯಾಯ ಮಾಡಿದವನು, ಅವಳಿಗೆ ತಪ್ಪಾಯ್ತು ಅಂತ ಕೂಡ ಹೇಳದೆ, ಇನ್ನೊಬ್ಬರ ಕೈ ಹಿಡಿಯೋಕೆ ಹೇಗೆ ಹೋಗಲಿ? ಕಾಗದ ತಲುಪಲಿ, ಆಮೇಲೆ ಬರೋಣ ಅಂದುಕೊಂಡೆ."

"ಅಂದುಕೊಂಡ್ರಿ! ಒಂದು ಮಾತು ನನಗೆ ಹೇಳಬಹುದಿತ್ತಲ್ಲ?"

"ಹೇಳಬೇಕಿತ್ತು." ಅವನು ತಲೆ ತಗ್ಗಿಸಿದ. "ಮತ್ತೆ ಅದೇ ತಪ್ಪು ಮಾಡಿದೆ, ಅಲ್ವಾ?"

ಅವಳಿಗೆ ಅಳುವೂ ಬಂತು, ನಗುವೂ ಬಂತು. ಯಾವುದು ಮೊದಲೆಂದು ತಿಳಿಯದೆ ಎರಡೂ ಒಟ್ಟಿಗೇ ಬಂದುಬಿಟ್ಟವು.

"ಹಾಗಾದ್ರೆ ಈಗ ಹೇಳಿ."

ಅವನು ಅವಳ ಹತ್ತಿರ ಬಂದ. ಕೈ ಚಾಚಿದ. ಮುಟ್ಟಲು ಹೆದರಿ ಅರ್ಧಕ್ಕೇ ನಿಲ್ಲಿಸಿದ. ಉಳಿದರ್ಧ ದೂರವನ್ನು ಅವಳೇ ದಾಟಿ ಆ ಕೈ ಹಿಡಿದಳು.

"ನನಗೆ ನೀವು ಇಷ್ಟ. ಅಲೆ ಬಂದು ಬಡಿದ ದಿನದಿಂದ. ಅಲ್ಲ, ಅದಕ್ಕೂ ಮುಂಚೆಯಿಂದ ಇರಬೇಕು. ನೀವು ಒಪ್ಪಿದ್ರೆ ನಿಮ್ಮ ಅಮ್ಮನ ಹತ್ತಿರ ನಾನೇ ಬಂದು ಮಾತಾಡ್ತೀನಿ. ದೊಡ್ಡಪ್ಪನ್ನ ಕಳಿಸಲ್ಲ."

"ನಾನು ತಿಂಗಳಲ್ಲಿ ಇಪ್ಪತ್ತು ದಿನ ಸಮುದ್ರದ ಮೇಲಿರ್ತೀನಿ. ಕೆಲಸ ಬಿಡಲ್ಲ."

"ಬಿಡಿ ಅಂತ ಯಾರು ಹೇಳಿದ್ರು? ನೀವು ಬರೋ ದಿನ ಗೊತ್ತಿದ್ರೆ ಸಾಕು."

ಬಾಗಿಲಾಚೆ ಅಜ್ಜಿ ಹಿರಿಯರಿಗೆ ಜೋರು ದನಿಯಲ್ಲಿ ಏನನ್ನೋ ವಿವರಿಸುತ್ತಿದ್ದಳು. ಒಳಗೆ ಇಬ್ಬರಿಗೂ ಕೇಳಿಸುತ್ತಿರಲಿಲ್ಲ.

"ಒಂದು ವಿಷಯ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ. "ಇನ್ನೂ 'ನೀವು' 'ನೀವು' ಅಂತಿದ್ದೀರಲ್ಲ."

"ನೀವೂ ಅಂತಿದ್ದೀರಲ್ಲ."

"ಯಾರಾದ್ರೂ ಒಬ್ಬರು ಶುರು ಮಾಡಬೇಕು."

ಅವನ ಕಿವಿ ಕೆಂಪಾಯಿತು. "ನನಗೆ ರೂಢಿ ಆಗೋಕೆ ಸ್ವಲ್ಪ ಟೈಮ್ ಕೊಡಿ."

"ಕೊಡಿ ಅಲ್ಲ," ಅವಳು ಅವನ ಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ಕೊಡು."

"ಕೊಡು..." ಎಂದ ಅವನು, ಮೆಲ್ಲಗೆ.

"ಕೊಟ್ಟೆ ಕಣೋ. ಎಷ್ಟು ಬೇಕಾದ್ರೂ ತಗೋ."